ಮುಂಭಾರ ಮರೆತ ಎಂಜಿನಿಯರ್

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಐದನೇ ಸೆಮಿಸ್ಟರ್ ಮುಗಿಸಿರುವ ಹುಡುಗ. ಕ್ಲಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಂಜೆ ಹೊತ್ತು ಕೋಡಿಂಗ್ ಕ್ಲಾಸಿಗೆ ಹೋಗ್ತಾರೆ. ‘ಮೆಕ್ಯಾನಿಕಲ್ ತಗೊಂಡು ಏನ್ ಮಾಡ್ತೀಯೋ’ ಅನ್ನೋ ಪ್ರಶ್ನೆಯನ್ನು ಸೀಟು ಸಿಕ್ಕ ದಿನದಿಂದ ಕೇಳಿಸಿಕೊಂಡು ನನ್ನ ಕಿವಿ ಗಟ್ಟಿಯಾಗಿದೆ. ಅದರ ಮೇಲೆ ಮೂರನೇ ಸೆಮಿಸ್ಟರ್‌ನ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಬ್ಯಾಕ್ ಬೇರೆ ಉಳಿದುಕೊಂಡಿತ್ತು. ‘ಈ ರಜೆಯಲ್ಲಿ ಅದನ್ನು ಮುಗಿಸದೇ ಇದ್ರೆ ಕ್ಯಾಂಪಸ್ ಇಂಟರ್‌ವ್ಯೂ ಬಾಗಿಲಿಗೂ ಬಿಡಲ್ಲ’ ಅಂತ ಅಪ್ಪ ಹೇಳಿದ್ದರು. ಹಾಗಾಗಿ ಜನವರಿಯಲ್ಲಿ ಪುಸ್ತಕ ಕಟ್ಟಿಕೊಂಡು ಸಕಲೇಶಪುರದ ಕಡೆ ಇರುವ ಸೋದರಮಾವನ ಮನೆಗೆ ಹೋದೆ. ಓದೋದಕ್ಕೆ ಅಂತ ಹೋದವನು ಗ್ಯಾರೇಜಿನಲ್ಲೇ ಉಳಿದೆ. ಮಾವನದು ಲಾರಿ, ಜೀಪು, ಟ್ರ್ಯಾಕ್ಟರ್ ಎಲ್ಲಾ ರಿಪೇರಿ ಮಾಡುವ ಹಳೇ ಗ್ಯಾರೇಜು.

ಅಲ್ಲಿಗೆ ಒಂದು ದಿನ ಶಕ್ತಿಮಾನ್ ಬಂತು. ಟಿ.ವಿಯಲ್ಲಿ ಗಿರಗಿರ ತಿರುಗುತ್ತಿದ್ದ ಶಕ್ತಿಮಾನ್ ಅಲ್ಲ, ಮಿಲಿಟರಿ ಲಾರಿ.

ಜಬಲ್ಪುರದಿಂದ ಕಾಫಿ ತೋಟಕ್ಕೆ

ಶಕ್ತಿಮಾನ್ ಹೆಸರನ್ನು ನಮ್ಮ ಅಪ್ಪಂದಿರ ಕಾಲದವರು ಚೆನ್ನಾಗಿ ಬಲ್ಲರು. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸ್ ಪಡೆದು ಜಬಲ್ಪುರದಲ್ಲಿ 1959ರಲ್ಲಿ ತಯಾರಾಗಲು ಶುರುವಾದ ಗಾಡಿ ಇದು. ಸ್ವಾತಂತ್ರ್ಯ ಬಂದು ಹನ್ನೆರಡೇ ವರ್ಷಕ್ಕೆ ನಮ್ಮ ಸೈನ್ಯಕ್ಕೆ ನಮ್ಮ ದೇಶದಲ್ಲೇ ಲಾರಿ ತಯಾರಾಗತೊಡಗಿತ್ತು. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಫೋರ್ ವೀಲ್ ಡ್ರೈವ್. 1965 ಮತ್ತು 1971ರ ಯುದ್ಧಗಳಲ್ಲಿ ಸೈನಿಕರನ್ನೂ ಸಾಮಾನನ್ನೂ ಹೊತ್ತಿದೆ, ಫಿರಂಗಿಗಳನ್ನು ಎಳೆದಿದೆ. 1990ರ ದಶಕದಲ್ಲಿ ಇದರ ತಯಾರಿಕೆ ನಿಂತು, ಅಶೋಕ್ ಲೇಲ್ಯಾಂಡ್‌ನ ಸ್ಟಾಲಿಯನ್ ಇದರ ಜಾಗಕ್ಕೆ ಬಂತು. ಸೈನ್ಯ ಹರಾಜಿಗೆ ಹಾಕಿದ ಗಾಡಿಗಳಲ್ಲಿ ಕೆಲವು ಮರ ಎಳೆಯಲು, ಗೊಬ್ಬರ ಹೊರಲು ನಮ್ಮ ಮಲೆನಾಡಿಗೂ ಬಂದವು. ಬೇರೆ ಲಾರಿಗಳು ಮುಖ ತಿರುಗಿಸುವ ಕೆಸರಿನ ಏರು ಇವಕ್ಕೆ ಲೆಕ್ಕಕ್ಕಿಲ್ಲ.

ಗ್ಯಾರೇಜಿಗೆ ಬಂದಿದ್ದು ಒಬ್ಬ ಕಾಫಿ ಬೆಳೆಗಾರರ ಗಾಡಿ. ಊರಲ್ಲಿ ಎಲ್ಲರೂ ಅವರನ್ನು ‘ಗೌಡ್ರು’ ಅಂತಲೇ ಕರೆಯೋದು. ಅವರ ತಂದೆ ಹರಾಜಿನಲ್ಲಿ ಕೊಂಡಿದ್ದಂತೆ. ಹಸಿರು ಬಣ್ಣ ಅಲ್ಲಲ್ಲಿ ಕಿತ್ತು ಬಂದಿತ್ತು. ಆದರೆ ಹಿಂದಿನ ಹುಕ್ಕು ಮಾತ್ರ ನಿನ್ನೆ ಹಾಕಿದ ಹಾಗಿತ್ತು.

ಗೌಡ್ರ ಕಷ್ಟ ಇದು. ರೊಬಸ್ಟಾ ತೋಟಕ್ಕೆ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹೂಮಳೆ ಬೇಕು. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹೊಡೆಯಬೇಕು. ತಡವಾದರೆ ಆ ವರ್ಷದ ಫಸಲೇ ಹೋಯಿತು. ಅದಕ್ಕಾಗಿ ಲಾರಿಯ ಮೇಲೆ ಇಪ್ಪತ್ತು ಅಡಿ ಉದ್ದದ ಪೈಪುಗಳು, ಹಿಂದೆ ಟ್ರೇಲರ್ ಮೇಲೆ ದೊಡ್ಡ ಡೀಸೆಲ್ ಪಂಪು. ಪೈಪಿನ ಬಾಲ ಲಾರಿಯ ಹಿಂದೆ ಚಾಚಿಕೊಂಡು, ತಿರುವಿನಲ್ಲಿ ಟ್ರೇಲರ್ ಮೇಲಿನ ಪಂಪಿಗೆ ತಾಗುತ್ತಿತ್ತು. ‘ಬಾಡಿ ಉದ್ದ ಮಾಡ್ಕೊಡಿ. ಆದ್ರೆ ಟ್ರೇಲರ್ ಎಳಿಯೋ ತಾಕತ್ತು ಹೋಗ್ಬಾರ್ದು. ಅದಕ್ಕೇ ಈ ಗಾಡಿ ಇಟ್ಕೊಂಡಿರೋದು’ ಅಂದರು ಗೌಡ್ರು.

ಮಾವ ನನ್ನ ಕಡೆ ನೋಡಿ, ‘ನಮ್ಮ ಎಂಜಿನಿಯರ್ ಇದಾನಲ್ಲ, ಡ್ರಾಯಿಂಗ್ ಮಾಡ್ತಾನೆ ಬಿಡಿ’ ಅಂದುಬಿಟ್ಟ.

ನನ್ನ ಹೆಮ್ಮೆಯ ಡ್ರಾಯಿಂಗ್

ಬ್ಯಾಕ್ ಉಳಿದ ಸಬ್ಜೆಕ್ಟೇ ಕೈಯಲ್ಲಿತ್ತು. ಓದಿದ್ದನ್ನು ತೋರಿಸಿಕೊಳ್ಳುವ ಆಸೆಯೂ ಇತ್ತು. ರಾತ್ರಿಯೆಲ್ಲಾ ಕೂತು ಡ್ರಾಯಿಂಗ್ ಮಾಡಿದೆ. ಲಾರಿಯ ಚಾಸಿ ಅಂದರೆ ‘ಸಿ’ ಆಕಾರದ ಎರಡು ಉದ್ದನೆಯ ಉಕ್ಕಿನ ತೊಲೆಗಳು. ಅವನ್ನು ಹಿಂದಕ್ಕೆ ಒಂದು ಮೀಟರ್ ಉದ್ದ ಮಾಡೋದು, ಒಳಗಿನಿಂದ ಇನ್ನೊಂದು ಚಾನೆಲ್ ಜೋಡಿಸಿ ಬಲ ಕೊಡೋದು, ಹುಕ್ಕನ್ನು ಹೊಸ ತುದಿಗೆ ಒಯ್ಯೋದು. ಆಗ ಪೈಪಿಗೂ ಜಾಗ ಸಿಗುತ್ತೆ, ಟ್ರೇಲರ್ ಕೂಡ ಹಿಂದೆ ಹೋಗುತ್ತೆ.

ತೊಲೆ ಬಾಗುವಾಗ ಹೆಚ್ಚು ಒತ್ತಡ ಬೀಳೋದು ಅದರ ಮೇಲಿನ ಮತ್ತು ಕೆಳಗಿನ ಅಂಚಿಗೆ. ನಡುವಿನ ಭಾಗಕ್ಕೆ ಕಡಿಮೆ. ಅದಕ್ಕೇ ಲಾರಿ ಚಾಸಿಯ ಮೇಲಂಚು, ಕೆಳಂಚಿಗೆ ತೂತು ಕೊರೆಯಬಾರದು, ಕಂಡಕಂಡಲ್ಲಿ ವೆಲ್ಡಿಂಗ್ ಮಾಡಬಾರದು. ಬೋಲ್ಟ್ ಹಾಕೋದಿದ್ದರೆ ನಿಂತ ಗೋಡೆಯಂಥ ನಡುಭಾಗಕ್ಕೆ ಹಾಕಬೇಕು. ಇದನ್ನೆಲ್ಲಾ ಪಾಲಿಸಿದೆ. ಬೆಂಡಿಂಗ್ ಸ್ಟ್ರೆಸ್ ಲೆಕ್ಕ ಹಾಕಿದೆ. ಉಕ್ಕು ತಡೆಯುವ ಮಿತಿಗಿಂತ ಬಹಳ ಕೆಳಗೇ ಇತ್ತು. ಪರೀಕ್ಷೆಯಲ್ಲಿ ಕೈಕೊಟ್ಟ ಸಬ್ಜೆಕ್ಟು ಗ್ಯಾರೇಜಿನಲ್ಲಿ ಕೈಹಿಡಿಯಿತು ಅಂತ ಬೀಗಿದೆ.

ಗ್ಯಾರೇಜಿನ ಹೆಡ್ ಮೇಸ್ತ್ರಿ ಆ ವಾರ ಮಗಳ ಮನೆಗೆ ಹೋಗಿದ್ದರು. ಅವರು ಸೈನ್ಯದ ಇ.ಎಂ.ಇ. ವಿಭಾಗದಲ್ಲಿ, ಅಂದರೆ ಸೈನ್ಯದ ಗಾಡಿ, ಯಂತ್ರಗಳನ್ನು ರಿಪೇರಿ ಮಾಡುವ ವಿಭಾಗದಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಅವರು ವಾಪಸ್ ಬರುವ ಹೊತ್ತಿಗೆ ಚಾಸಿ ಉದ್ದವಾಗಿ, ಬಣ್ಣವೂ ಒಣಗಿತ್ತು. ಮೇಸ್ತ್ರಿ ಬಗ್ಗಿ ವೆಲ್ಡಿಂಗ್ ನೋಡಿದರು. ಬೋಲ್ಟುಗಳನ್ನು ತಟ್ಟಿ ನೋಡಿದರು. ‘ಕೆಲಸ ಗಟ್ಟಿಯಾಗಿದೆ’ ಅಂದರು. ಆಮೇಲೆ ಎದ್ದು ಲಾರಿಯ ಮುಂದಕ್ಕೆ ಹೋಗಿ ನಿಂತು, ‘ಮುಂಭಾರ ಎಷ್ಟು ಉಳೀತದೆ?’ ಅಂತ ಕೇಳಿದರು.

‘ಏನಾಗಲ್ಲ ಮೇಸ್ತ್ರಿ, ಸ್ಟ್ರೆಸ್ ಎಲ್ಲಾ ಚೆಕ್ ಮಾಡಿದೀನಿ’ ಅಂದೆ. ಅವರು ಕೇಳಿದ್ದೇ ಬೇರೆ, ನಾನು ಉತ್ತರ ಕೊಟ್ಟಿದ್ದೇ ಬೇರೆ. ಅವರು ಸುಮ್ಮನಾದರು.

ಬರೆಗೆ ಗುದ್ದಿದ ಬೆಳಿಗ್ಗೆ

ಮರುದಿನ ತೋಟದೊಳಗಿನ ದಾರಿಯಲ್ಲಿ ಟ್ರಯಲ್. ಪೈಪು ಹೇರಿ, ಪಂಪಿನ ಟ್ರೇಲರ್ ಕಟ್ಟಿದೆವು. ಕೆಲಸಕ್ಕೆ ಹೋಗುತ್ತಿದ್ದ ಇಬ್ಬರು ಆಳುಗಳು ರೂಢಿಯಂತೆ ಟ್ರೇಲರ್ ಹತ್ತಿ ಕೂತರು. ಮೇಸ್ತ್ರಿ ಅವರನ್ನು ಇಳಿಸಿದರು. ‘ಹೊಸ ಹುಕ್ಕು, ಇವತ್ತು ಜನ ಬೇಡ. ನಡ್ಕೊಂಡು ಬನ್ನಿ’ ಅಂದರು. ಆಳುಗಳು ಗೊಣಗಿದರು. ಮೇಸ್ತ್ರಿಯದು ಅತಿಯಾಯಿತು ಅಂತ ನನಗೂ ಅನಿಸಿತ್ತು.

ತೋಟದ ಡ್ರೈವರ್ ಅಣ್ಣ ಸ್ಟಿಯರಿಂಗ್ ಹಿಡಿದಿದ್ದರು. ನಾನು ಪಕ್ಕದಲ್ಲಿ. ಸಮತಟ್ಟಿನಲ್ಲಿ ಗಾಡಿ ಚೆನ್ನಾಗಿಯೇ ಹೋಯಿತು. ಆಮೇಲೆ ಏರು ಬಂತು. ಮೇಲೆ ಎಡಕ್ಕೆ ಒಂದು ಸುತ್ತು ತಿರುವು. ಒಂದು ಕಡೆ ಮಣ್ಣು ಕಡಿದ ಬರೆ, ಇನ್ನೊಂದು ಕಡೆ ಇಳಿಜಾರಿನ ತೋಟ. ಇಬ್ಬನಿಗೆ ನೆನೆದ ಸಿಲ್ವರ್ ಓಕ್ ಎಲೆ ದಾರಿ ತುಂಬಾ ಬಿದ್ದಿತ್ತು. ಡ್ರೈವರ್ ಅಣ್ಣ ಸ್ಟಿಯರಿಂಗ್ ಎಡಕ್ಕೆ ಎಳೆದರು. ಚಕ್ರ ತಿರುಗಿತು, ಗಾಡಿ ತಿರುಗಲಿಲ್ಲ. ನೇರಕ್ಕೆ ಹೋಗುತ್ತಲೇ ಇತ್ತು. ‘ಮುಂದೆ ಹಿಡೀತಿಲ್ಲ’ ಅಂತ ಅವರು ಕೂಗಿದ್ದು ನೆನಪಿದೆ. ಬ್ರೇಕ್ ಒತ್ತುವಷ್ಟರಲ್ಲಿ ಲಾರಿಯ ಮೂತಿ ಎದುರಿನ ಬರೆಗೆ ಗುದ್ದಿ ನಿಂತಿತು. ಹಿಂದೆ ಟ್ರೇಲರ್ ಅಡ್ಡಕ್ಕೆ ಮಡಚಿ, ಒಂದು ಚಕ್ರ ದಾರಿಯಂಚಿನಿಂದ ಕೆಳಗಿಳಿದು, ಪಂಪು ವಾಲಿ ನಿಂತಿತ್ತು. ನಾಲ್ಕು ಕಾಫಿ ಗಿಡ ಅದರಡಿ ಹೋಗಿದ್ದವು.

ಯಾರಿಗೂ ಏನೂ ಆಗಲಿಲ್ಲ. ಬಂಪರ್ ಬಾಗಿತ್ತು, ಅಷ್ಟೇ. ಆದರೆ ಇಳಿದು ಹಿಂದೆ ಹೋದಾಗ ಆ ಇಬ್ಬರು ಆಳುಗಳು ಟ್ರೇಲರ್‌ನಲ್ಲಿ ತಾವು ಕೂತಿದ್ದ ಜಾಗವನ್ನೇ ನೋಡುತ್ತಾ ನಿಂತಿದ್ದರು. ಪಂಪು ಆ ಕಡೆಗೇ ವಾಲಿತ್ತು. ನನ್ನ ಕಾಲು ನಡುಗತೊಡಗಿತು. ಅವತ್ತು ಮಧ್ಯಾಹ್ನ ಊಟ ಇಳಿಯಲಿಲ್ಲ.

ತಮಾಷೆ ಅಂದರೆ ನಾನು ಜೋಡಿಸಿದ ಚಾಸಿಗೆ ಕೂದಲೆಳೆಯಷ್ಟು ಬಿರುಕೂ ಬಿಟ್ಟಿರಲಿಲ್ಲ. ಹುಕ್ಕು ಅಲುಗಿರಲಿಲ್ಲ. ಫೇಲಾಗಿದ್ದ ಸಬ್ಜೆಕ್ಟಿನ ಲೆಕ್ಕ ಪೂರ್ತಿ ಸರಿ ಇತ್ತು. ಎಡವಿದ್ದು ಫಸ್ಟ್ ಇಯರ್‌ನಲ್ಲಿ 80 ಅಂಕ ತಗೊಂಡು ಪಾಸಾಗಿದ್ದ ಎಂಜಿನಿಯರಿಂಗ್ ಮೆಕ್ಯಾನಿಕ್ಸ್‌ನಲ್ಲಿ!

ಎತ್ತಿನ ಗಾಡಿಯ ಲೆಕ್ಕ

ಸಂಜೆ ಮಾವ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮೇಸ್ತ್ರಿ ಚಹಾ ತರಿಸಿ ಕೂರಿಸಿಕೊಂಡು, ‘ಎತ್ತಿನ ಗಾಡಿ ಹೇರೋದು ನೋಡಿದೀಯಾ?’ ಅಂತ ಕೇಳಿದರು. ಗಾಡಿಗೆ ಮುಂದೆ ಜಾಸ್ತಿ ಹೇರಿದರೆ ನೊಗ ಎತ್ತಿನ ಕತ್ತು ಒತ್ತುತ್ತದೆ. ಹಿಂದೆ ಜಾಸ್ತಿ ಹೇರಿದರೆ ಮೂಕಿ ಮೇಲೇಳುತ್ತದೆ, ಎತ್ತು ಕತ್ತು ಕೊಡಲಾರದು. ಹದ ಗೊತ್ತಿದ್ದವನು ಎರಡು ಮೂಟೆ ಹಿಂದೆ ಮುಂದೆ ಸರಿಸಿ ಸರಿಮಾಡುತ್ತಾನೆ. ‘ಲಾರಿಗೂ ಅಷ್ಟೇ. ನೀನು ಮೂಕಿ ಎತ್ತಿಬಿಟ್ಟೆ’ ಅಂದರು.

ಆಮೇಲೆ ಪೇಪರ್ ಪೆನ್ನು ಹಿಡಿದು ಇಬ್ಬರೂ ಲೆಕ್ಕಕ್ಕೆ ಕೂತೆವು. ಓದುಗರಿಗೆ ಸುಲಭವಾಗಲಿ ಅಂತ ದುಂಡು ಅಂಕಿಗಳಲ್ಲೇ ಹೇಳ್ತೀನಿ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 4 ಮೀಟರ್ ಅಂದುಕೊಳ್ಳಿ. ಹುಕ್ಕು ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದಿದೆ. ಟ್ರೇಲರ್‌ನ ಮೂತಿ ಹುಕ್ಕಿನ ಮೇಲೆ 500 ಕೆ.ಜಿ. ಒತ್ತುತ್ತಿದೆ. ಹಿಂದಿನ ಆಕ್ಸಲ್ ಅನ್ನು ಏತದ ನಡುಗಂಬ ಅಂದುಕೊಂಡರೆ, ಈ ಭಾರ ಮುಂದಿನ ಆಕ್ಸಲ್ ಅನ್ನು 500 ಗುಣಿಸು 1.2 ಭಾಗಿಸು 4, ಅಂದರೆ 150 ಕೆ.ಜಿ. ಹಗುರ ಮಾಡುತ್ತದೆ.

ಈಗ ನನ್ನ ಪ್ರತಾಪ ನೋಡಿ. ಹುಕ್ಕು 2.2 ಮೀಟರಿಗೆ ಹೋಯಿತು. ಅದೇ ಟ್ರೇಲರ್, ಅದೇ 500 ಕೆ.ಜಿ., ಆದರೆ ಮುಂದೆ 275 ಕೆ.ಜಿ. ಕಡಿಮೆ. ಅದರ ಜೊತೆ ಪೈಪುಗಳನ್ನೂ ಹಿಂದಕ್ಕೆ ಎಳೆದಿದ್ದೆ. ಸಾವಿರ ಕೆ.ಜಿ. ಪೈಪಿನ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ಗಿಂತ 0.8 ಮೀಟರ್ ಹಿಂದಿದ್ದರೆ ಇನ್ನೂ 200 ಕೆ.ಜಿ. ಹೋಯಿತು. ಸಮತಟ್ಟು ನೆಲದಲ್ಲೇ 475 ಕೆ.ಜಿ. ಮಾಯ!

ಏರು ಬಂದರೆ ಇನ್ನೆರಡು ಸೇರಿಕೊಳ್ಳುತ್ತವೆ. ಆರು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ 2,000 ಕೆ.ಜಿ. ಟ್ರೇಲರ್ ಹಿಂದಕ್ಕೆ ಜಗ್ಗುತ್ತದೆ. ಹುಕ್ಕು ನೆಲದಿಂದ ಎತ್ತರದಲ್ಲಿ ಇರುವುದರಿಂದ ಆ ಜಗ್ಗಾಟ ಲಾರಿಯ ಮೂತಿಯನ್ನು ಎತ್ತಲು ನೋಡುತ್ತದೆ. ಲಾರಿಯ ಸ್ವಂತ ತೂಕವೂ ಏರಿನಲ್ಲಿ ಹಿಂದಕ್ಕೆ ವಾಲುತ್ತದೆ. ಎರಡೂ ಸೇರಿ ಸುಮಾರು 355 ಕೆ.ಜಿ. ಒಟ್ಟು 830 ಕೆ.ಜಿ. ಖಾಲಿ ಗಾಡಿಯ ಮುಂದಿನ ಆಕ್ಸಲ್ ಮೇಲೆ 2,500 ಕೆ.ಜಿ. ಇತ್ತು ಅಂದುಕೊಂಡರೆ ಮೂರರಲ್ಲಿ ಒಂದು ಪಾಲು ಹೋಯಿತು. ಅದರ ಮೇಲೆ ಒದ್ದೆ ಎಲೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹಾಕಿ ಹಿಂದಿನಿಂದ ನೂಕುತ್ತಿರುವ ಗಾಡಿ. ಸ್ಟಿಯರಿಂಗ್ ತಿರುಗಿಸಿದರೆ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು?

ಟ್ರ್ಯಾಕ್ಟರ್ ನೋಡಿದವರಿಗೆ ಇದು ಹೊಸದಲ್ಲ. ಕಬ್ಬಿನ ಟ್ರೇಲರ್ ಎಳೆಯುತ್ತಾ ಕಾಲುವೆ ಏರಿ ಹತ್ತುವಾಗ ಟ್ರ್ಯಾಕ್ಟರಿನ ಮುಂದಿನ ಚಕ್ರ ಗಾಳಿಗೆ ಏಳುವುದನ್ನು ಮಂಡ್ಯದ ಕಡೆಯವರು ನೋಡಿರುತ್ತಾರೆ. ಟ್ರೇಲರ್ ಪಿನ್ ಎತ್ತರದಲ್ಲಿ ಸಿಕ್ಕಿಸಬೇಡಿ ಅಂತ ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳು ಹೇಳೋದು ಇದಕ್ಕೇ. ನಾನೂ ನೋಡಿದ್ದೆ. ಆದರೆ ನೋಡಿದ್ದನ್ನು ಪುಸ್ತಕದ ‘ಮೊಮೆಂಟ್’ ಜೊತೆ ಯಾವತ್ತೂ ಸೇರಿಸಿರಲಿಲ್ಲ.

ಮೇಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ‘ಪೇಪರ್ ಲೆಕ್ಕ ಸಾಲಲ್ಲ, ತೂಗಿ ನೋಡು’ ಅಂತ ಮರುದಿನ ವೇಬ್ರಿಡ್ಜ್‌ಗೆ ಕಳಿಸಿದರು. ಮುಂದಿನ ಚಕ್ರ ಮಾತ್ರ ಹಲಗೆ ಮೇಲಿಟ್ಟು ತೂಗಿದೆವು. ಮೊದಲು ಖಾಲಿ ಗಾಡಿ, ಆಮೇಲೆ ಪೈಪು ಹೇರಿ ಟ್ರೇಲರ್ ಕಟ್ಟಿದ ಗಾಡಿ. ಹೆಚ್ಚುಕಡಿಮೆ ಲೆಕ್ಕದಲ್ಲಿ ಬಂದಷ್ಟೇ ವ್ಯತ್ಯಾಸ. ಕೆಲವೇ ರೂಪಾಯಿ ಕೊಟ್ಟು ಸಿಗುವ ಈ ಎರಡು ಚೀಟಿಯನ್ನು ಕೆಲಸಕ್ಕೆ ಮೊದಲೇ ತಗೊಂಡಿದ್ದರೆ ಇಷ್ಟೆಲ್ಲಾ ಆಗುತ್ತಲೇ ಇರಲಿಲ್ಲ.

ಅಮೆರಿಕದಲ್ಲೂ ಇದೇ ಕಥೆ

ಆ ರಾತ್ರಿ ಹಳೇ ಮಿಲಿಟರಿ ಲಾರಿಗಳ ಬಗ್ಗೆ ಹುಡುಕಿ ಓದತೊಡಗಿದೆ. ಅಮೆರಿಕದ ಸೈನ್ಯದಲ್ಲಿ ಎಂ35 ಅಂತ ಒಂದು ಪ್ರಸಿದ್ಧ ಲಾರಿ. ಎರಡೂವರೆ ಟನ್ ಲಾರಿ, ಮೂರು ಆಕ್ಸಲ್, ಎಲ್ಲಾ ಚಕ್ರಕ್ಕೂ ಶಕ್ತಿ. 1950ರ ದಶಕದಿಂದ ದಶಕಗಟ್ಟಲೆ ಸೇವೆಯಲ್ಲಿತ್ತು. ಹರಾಜಿನಲ್ಲಿ ಕೊಂಡ ಹವ್ಯಾಸಿಗಳು ಅದರ ಹಿಂದಿನ ಎರಡು ಆಕ್ಸಲ್‌ಗಳಲ್ಲಿ ಒಂದನ್ನು ಕಿತ್ತು, ಚಾಸಿ ಕತ್ತರಿಸಿ, ಗಿಡ್ಡ ಮಾಡಿ ಓಡಿಸುತ್ತಾರೆ. ನೋಡಲು ಭಾರಿ ಸ್ಟೈಲು. ಆದರೆ ಒಂದು ಆಕ್ಸಲ್ ಕಿತ್ತ ಮೇಲೆ ಹುಕ್ಕಿನ ಮೇಲೆ ಬೀಳುವ ಭಾರವನ್ನು ಹೊರುವ ಶಕ್ತಿಯೂ ಕಡಿಮೆ, ಬ್ರೇಕ್ ಹಿಡಿಯುವ ಚಕ್ರಗಳೂ ಕಡಿಮೆ. ಚಾಸಿ ಕತ್ತರಿಸಿ ಎರಡು ಆಕ್ಸಲ್ ನಡುವಿನ ಅಂತರ ಕಡಿಮೆ ಮಾಡಿದರೆ ಭಾಗಿಸುವ ಅಂಕಿಯೇ ಚಿಕ್ಕದಾಗುತ್ತದೆ. ಆಗ ಅದೇ ಟ್ರೇಲರ್ ಮೂತಿಯನ್ನು ಹೆಚ್ಚು ಎತ್ತುತ್ತದೆ. ನಾನು ಉದ್ದ ಮಾಡಿ ಮಾಡಿದ ತಪ್ಪನ್ನು ಗಿಡ್ಡ ಮಾಡಿಯೂ ಮಾಡಬಹುದು!

ನನಗೆ ಇನ್ನೂ ಇಷ್ಟವಾಗಿದ್ದು ಬೇರೊಂದು ವಿಷಯ. ಎಂ35ಕ್ಕೆ ಸೈನ್ಯ ಎರಡು ಎಳೆಯುವ ಮಿತಿ ಕೊಟ್ಟಿತ್ತು. ಒಳ್ಳೆಯ ರಸ್ತೆಯಲ್ಲಿ 10,000 ಪೌಂಡ್, ಅಂದರೆ ಸುಮಾರು 4,500 ಕೆ.ಜಿ. ರಸ್ತೆ ಬಿಟ್ಟು ಇಳಿದರೆ 6,000 ಪೌಂಡ್, ಸುಮಾರು 2,700 ಕೆ.ಜಿ. ಅದೇ ಲಾರಿ, ಅದೇ ಎಂಜಿನ್, ಅದೇ ಹುಕ್ಕು. ಬದಲಾದದ್ದು ನೆಲ ಮಾತ್ರ. ಎಳೆಯುವ ತಾಕತ್ತು ಅನ್ನೋದು ಹುಕ್ಕಿನಲ್ಲೂ ಇಲ್ಲ, ಎಂಜಿನ್ನಿನಲ್ಲೂ ಇಲ್ಲ. ನೆಲ, ಚಕ್ರ, ಸ್ಪ್ರಿಂಗು, ಬ್ರೇಕು, ಚಾಸಿ, ಹುಕ್ಕು ಎಲ್ಲವೂ ಸೇರಿದರೆ ಮಾತ್ರ ಅದು ತಾಕತ್ತು.

ದೊಡ್ಡ ಟೈರ್ ಹಾಕುವ ಹುಚ್ಚು ನಮ್ಮ ಹುಡುಗರಿಗೂ ಇದೆಯಲ್ಲ, ಅದರ ಲೆಕ್ಕವನ್ನೂ ಹಾಕಿ ನೋಡಿದೆ. ಟೈರಿನ ವ್ಯಾಸ ನೂರಕ್ಕೆ 15ರಷ್ಟು ಹೆಚ್ಚಿದರೆ ನೆಲಕ್ಕೆ ಸಿಗುವ ಎಳೆತ ಸುಮಾರು 13ರಷ್ಟು ಇಳಿಯುತ್ತದೆ. ಅದೇ ಬ್ರೇಕು ಚಕ್ರವನ್ನು ಹಿಡಿಯುವ ಬಲವೂ ಅಷ್ಟೇ ಇಳಿಯುತ್ತದೆ. ಹುಕ್ಕು ಎತ್ತರಕ್ಕೆ ಹೋಗುತ್ತದೆ. ಫೋಟೊಗೆ ಚೆಂದ, ಟ್ರೇಲರ್‌ಗೆ ಕಷ್ಟ.

ಬಿಚ್ಚಿ ಕಟ್ಟಿದ ಹತ್ತು ದಿನ

ಗೌಡ್ರಿಗೆ ನಾನೇ ಹೋಗಿ ಹೇಳಿದೆ. ‘ತಪ್ಪು ನಂದೇ ಸಾರ್. ಹುಕ್ಕು ವಾಪಸ್ ಮೊದಲಿನ ಜಾಗಕ್ಕೆ ತರ್ತೀವಿ, ಖರ್ಚು ನಿಮಗೆ ಬೇಡ’ ಅಂದೆ. ಖರ್ಚು ಮಾವನದು ಅನ್ನೋದು ಹೇಳಿದ ಮೇಲೆ ನೆನಪಾಯಿತು. ಗೌಡ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೂವಿನ ಟೈಮಿಗೆ ಗಾಡಿ ಕೊಡ್ತೀಯಾ?’ ಅಂತ ಮಾತ್ರ ಕೇಳಿದರು.

ಈ ಸಲ ಡ್ರಾಯಿಂಗ್‌ಗಿಂತ ಮೊದಲು ತೂಕ. ನಾವು ಮಾಡಿದ್ದು ನಾಲ್ಕು ಕೆಲಸ.

ಮೊದಲನೆಯದು, ಉದ್ದ ಮಾಡಿದ ಚಾಸಿಯನ್ನು ಬಿಚ್ಚಿ, ಹುಕ್ಕನ್ನು ಅದು ಹುಟ್ಟಿದ ಜಾಗಕ್ಕೇ ತಂದೆವು. ಅದನ್ನು ಅಲ್ಲಿ ಕೂರಿಸಿದವರು ಫಿರಂಗಿ ಎಳೆಯುವ ಲೆಕ್ಕ ಹಾಕಿಯೇ ಕೂರಿಸಿದ್ದರು.

ಎರಡನೆಯದು, ಪೈಪನ್ನು ಹಿಂದಕ್ಕಲ್ಲ, ಮುಂದಕ್ಕೆ ಸರಿಸಿದೆವು. ಕ್ಯಾಬಿನ್ ಹಿಂದೆ ಗಟ್ಟಿ ಸ್ಟ್ಯಾಂಡ್ ಕಟ್ಟಿ, ಪೈಪಿನ ತುದಿ ಕ್ಯಾಬಿನ್ ಮೇಲೆ ಒಂದು ಮೀಟರ್ ಮುಂದೆ ಬರುವಂತೆ ಮಾಡಿದೆವು. ಭಾರದ ಕೇಂದ್ರ ಹಿಂದಿನ ಆಕ್ಸಲ್‌ಗಿಂತ ತುಸು ಮುಂದಕ್ಕೆ ಬಂತು. ಬಾಲ ತಾಗುವ ತೊಂದರೆಯೂ ಹೋಯಿತು. ಇಷ್ಟು ಸುಲಭದ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲ ಅಂದರೆ, ನಾನು ಚಾಸಿ ಕತ್ತರಿಸುವ ಆಸೆಯಲ್ಲಿದ್ದೆ.

ಮೂರನೆಯದು, ಟ್ರೇಲರ್. ಪಂಪನ್ನು ಒಂದು ಅಡಿಯಷ್ಟು ಹಿಂದಕ್ಕೆ ಸರಿಸಿ, ಎಳೆಯುವ ಕೋಲನ್ನು ಉದ್ದ ಮಾಡಿದೆವು. ಹುಕ್ಕಿನ ಮೇಲಿನ ಭಾರ 500ರಿಂದ 200 ಕೆ.ಜಿ.ಗೆ ಇಳಿಯಿತು. ಇದನ್ನು ಸೊನ್ನೆ ಮಾಡಬಾರದು. ಮೂತಿ ತೀರಾ ಹಗುರವಾದರೆ ಟ್ರೇಲರ್ ರಸ್ತೆಯಲ್ಲಿ ಬಾಲ ಅಲ್ಲಾಡಿಸತೊಡಗುತ್ತದೆ. ಮೇಸ್ತ್ರಿಯ ಸೂತ್ರ ಸರಳ. ‘ನಾಲ್ಕು ಜನ ಹಿಡಿದ್ರೆ ಏಳ್ಬೇಕು, ಒಬ್ಬ ಹಿಡಿದ್ರೆ ಏಳ್ಬಾರ್ದು.’ ಕೋಲು ಉದ್ದವಾದ್ದಕ್ಕೆ ಬೆಲೆಯೂ ಇದೆ. ತಿರುವಿನಲ್ಲಿ ಟ್ರೇಲರ್ ಚಕ್ರ ಒಳಗಡೆಗೆ ಹೆಚ್ಚು ಕತ್ತರಿಸಿಕೊಂಡು ಬರುತ್ತದೆ. ಅದಕ್ಕಾಗಿ ಎರಡು ತಿರುವಿನಲ್ಲಿ ದಾರಿ ಅಗಲ ಮಾಡಿಸಬೇಕಾಯಿತು.

ನಾಲ್ಕನೆಯದು, ಬ್ರೇಕು. ಆ ಟ್ರೇಲರ್‌ಗೆ ಬ್ರೇಕೇ ಇರಲಿಲ್ಲ! ಇಳಿಜಾರಿನಲ್ಲಿ ಲಾರಿ ಬ್ರೇಕ್ ಹಿಡಿದರೆ ಹಿಂದಿನಿಂದ ಎರಡು ಟನ್ ನೂಕುತ್ತದೆ. ಲಾರಿ ತಿರುವಿನಲ್ಲಿದ್ದರೆ ಟ್ರೇಲರ್ ಚಾಕುವಿನ ಹಾಗೆ ಮಡಚುತ್ತದೆ. ಹಳೇ ಮಿನಿ ಲಾರಿಯೊಂದರ ಹಿಂದಿನ ಆಕ್ಸಲ್ಲನ್ನು ಬ್ರೇಕ್ ಡ್ರಮ್ ಸಮೇತ ತಂದು ಹಾಕಿದೆವು. ಲಾರಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತದಲ್ಲ, ಆ ನೂಕೇ ಒಂದು ರಾಡನ್ನು ತಳ್ಳಿ ಟ್ರೇಲರ್‌ನ ಬ್ರೇಕ್ ಹಿಡಿಯುವಂಥ ವ್ಯವಸ್ಥೆ. ರಿವರ್ಸ್ ತೆಗೆಯುವಾಗ ಅದು ಹಿಡಿಯದಂತೆ ಒಂದು ಲಾಕ್. ಹುಕ್ಕಿನ ಪಿನ್‌ಗೆ ಇನ್ನೊಂದು ಸೇಫ್ಟಿ ಪಿನ್, ಕೆಳಗೆ ಅಡ್ಡಡ್ಡ ಎರಡು ಚೈನು. ಹುಕ್ಕು ಕಳಚಿದರೂ ಟ್ರೇಲರ್ ತಾನೇ ಓಡಿಹೋಗಬಾರದು.

ಇಷ್ಟೆಲ್ಲಾ ಮಾಡಿ ಕೊನೆಗೆ ಟ್ರೇಲರ್‌ಗೆ ಲೈಟ್ ಜೋಡಿಸಿದಾಗ ಬಲ್ಬುಗಳು ಫಟ್ ಅಂದವು. ಲಾರಿ 24 ವೋಲ್ಟ್, ನಾನು ತಂದಿದ್ದು ಟ್ರ್ಯಾಕ್ಟರ್ ಟ್ರೇಲರ್‌ನ 12 ವೋಲ್ಟ್ ಬಲ್ಬು. ಮೇಸ್ತ್ರಿ ಅವತ್ತು ಮೊದಲ ಸಲ ನಕ್ಕರು.

ಮತ್ತೆ ವೇಬ್ರಿಡ್ಜ್. ಪೈಪು, ಟ್ರೇಲರ್ ಎಲ್ಲಾ ಇದ್ದರೂ ಮುಂದಿನ ಆಕ್ಸಲ್ ತೂಕ ಖಾಲಿ ಗಾಡಿಯ ತೂಕದ ಹತ್ತಿರವೇ ನಿಂತಿತು. ಅದೇ ಏರು, ಅದೇ ತಿರುವು. ಡ್ರೈವರ್ ಅಣ್ಣನ ಪಕ್ಕ ನಾನೇ ಕೂತೆ. ಸ್ಟಿಯರಿಂಗ್ ತಿರುಗಿತು, ಗಾಡಿಯೂ ತಿರುಗಿತು. ಟ್ರೇಲರ್ ಮೇಲೆ ಮಾತ್ರ ಯಾರೂ ಇರಲಿಲ್ಲ. ಇನ್ನು ಮುಂದೆ ಅದರ ಮೇಲೆ ಆಳುಗಳು ಕೂರಬಾರದು ಅಂತ ಗೌಡ್ರೇ ತೀರ್ಮಾನ ಮಾಡಿದ್ದರು.

ಕಾನೂನೂ ಒಂದು ಲೆಕ್ಕವೇ

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಚಾಸಿ ಉದ್ದ ಮಾಡುವ ಮೊದಲು ಕಾನೂನು ಏನು ಹೇಳುತ್ತೆ ಅಂತ ನಾನು ಕೇಳಿರಲೇ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಕಾಯ್ದೆ ಅವಕಾಶ ಕೊಟ್ಟಿರುವ ಬದಲಾವಣೆಗೂ ಆರ್‌ಟಿಒ ಒಪ್ಪಿಗೆ ಬೇಕು. ತೋಟದೊಳಗೇ ಓಡುವ ಗಾಡಿ ಅಂತ ನಾವು ಅಸಡ್ಡೆ ಮಾಡಿದ್ದೆವು. ಆದರೆ ಒಂದು ತೋಟದಿಂದ ಇನ್ನೊಂದಕ್ಕೆ ಹೋಗಲು ಸರ್ಕಾರಿ ರಸ್ತೆ ದಾಟಲೇಬೇಕು. ಅಲ್ಲಿ ಏನಾದರೂ ಆಗಿದ್ದರೆ ಇನ್ಶೂರೆನ್ಸ್‌ನವರು ಮೊದಲು ನೋಡುತ್ತಿದ್ದುದು ನನ್ನ ಆ ಗಟ್ಟಿ ವೆಲ್ಡಿಂಗನ್ನೇ. ಹಳೇ ಮಿಲಿಟರಿ ಜೀಪು, ಜೋಂಗಾ ತಗೊಂಡು ಮಾಡಿಫೈ ಮಾಡುವ ಆಸೆ ಇರುವ ಗೆಳೆಯರು, ಗ್ರೈಂಡಿಂಗ್ ಮೆಷಿನ್ ಹಿಡಿಯುವ ಮೊದಲು ಆರ್‌ಸಿ ತೆಗೆದು ಓದಿ.

ಇದರಲ್ಲಿ ಒಂದು ಕೆಲಸದ ದಾರಿಯೂ ಇದೆ ಅಂತ ನನಗೆ ಗೊತ್ತಾಗಿದ್ದು ಈಗಲೇ. ನಮ್ಮ ದೇಶದಲ್ಲಿ ಲಾರಿ ಬಾಡಿ ಕಟ್ಟಲು ಎಐಎಸ್-093, ಟ್ರೇಲರ್‌ಗೆ ಎಐಎಸ್-113 ಅಂತ ಪ್ರತ್ಯೇಕ ಮಾನದಂಡಗಳಿವೆ. ಅಗ್ನಿಶಾಮಕ ಗಾಡಿ, ಬೋರ್‌ವೆಲ್ ರಿಗ್, ಟ್ಯಾಂಕರ್, ಆಂಬುಲೆನ್ಸ್ ಎಲ್ಲವೂ ಯಾರೋ ತಯಾರಿಸಿದ ಚಾಸಿಯ ಮೇಲೆ ಇನ್ಯಾರೋ ಕಟ್ಟುವ ಗಾಡಿಗಳು. ಎಲ್ಲಿ ಎಷ್ಟು ಭಾರ ಬೀಳುತ್ತೆ ಅಂತ ಲೆಕ್ಕ ಹಾಕುವವರು ಆ ಎಲ್ಲಾ ಕಡೆ ಬೇಕು. ನಮ್ಮ ರಾಜ್ಯದಲ್ಲೇ ಬಿಇಎಂಎಲ್ ಸೈನ್ಯಕ್ಕೆ ಭಾರಿ ಟ್ರಕ್‌ಗಳನ್ನು ಕೊಡುತ್ತಿದೆ. ಕೋಡಿಂಗ್ ಕಲಿಯಬೇಡಿ ಅಂತ ಹೇಳ್ತಿಲ್ಲ. ನಾನೂ ಈಗ ಆಕ್ಸಲ್ ಭಾರದ ಲೆಕ್ಕಕ್ಕೆ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಹುಕ್ಕಿನ ದೂರ, ಟ್ರೇಲರ್ ಭಾರ, ಏರಿನ ಕೋನ ಹಾಕಿದರೆ ಮುಂಭಾರ ಎಷ್ಟು ಉಳಿಯುತ್ತೆ ಅಂತ ಹೇಳುತ್ತದೆ.

ಬ್ಯಾಕ್ ಸಬ್ಜೆಕ್ಟಿನ ಪರೀಕ್ಷೆ ಬರೆದೆ, ಪಾಸಾದೆ. ಬೀಮಿನ ಪ್ರಶ್ನೆ ಬಂದಿತ್ತು. ಉತ್ತರ ಬರೆಯುವ ಮೊದಲು ಎರಡು ಆಧಾರಗಳ ಮೇಲೆ ಎಷ್ಟೆಷ್ಟು ಭಾರ ಅಂತ ಎರಡು ಸಲ ಲೆಕ್ಕ ಹಾಕಿದೆ. ಕೈ ತಾನಾಗಿಯೇ ಆ ಕಡೆ ಹೋಯಿತು.

ಮಾರ್ಚ್‌ನಲ್ಲಿ ಗೌಡ್ರು ಮಾವನ ಫೋನಿಗೆ ಒಂದು ಫೋಟೊ ಕಳಿಸಿದ್ದರು. ತೋಟ ತುಂಬಾ ಬಿಳಿ ಹೂವು, ಅಂಚಿನಲ್ಲಿ ಶಕ್ತಿಮಾನ್, ಹಿಂದೆ ಪಂಪು. ಕೆಳಗೆ ಒಂದು ಮೆಸೇಜು: ಗಾಡಿಗೆ ಪವರ್ ಸ್ಟಿಯರಿಂಗ್ ಹಾಕಬಹುದಾ, ನಿಮ್ಮ ಹುಡುಗನ್ನ ಕೇಳು.

ನಾನು ಇನ್ನೂ ಹೂಂ ಅಂದಿಲ್ಲ. ಮೇಸ್ತ್ರಿಗೆ ಫೋನ್ ಮಾಡಿ, ಮೊದಲು ಏನೇನು ತೂಗಬೇಕು ಅಂತ ಕೇಳಿದ್ದೇನೆ.